ಊರಿಗೆ ನೀರು ತಂದ ಮಲಿಕ್ ಅಂಬರ್

ಕಳೆದ ಡಿಸೆಂಬರಿನಲ್ಲಿ ನಾನಾ ಜೊತೆ ಔರಂಗಾಬಾದಿಗೆ ಹೋಗಿದ್ದೆ. ಆ ಊರಿನ ಈಗಿನ ಹೆಸರು ಛತ್ರಪತಿ ಸಂಭಾಜಿನಗರ. ನಮ್ಮ ನಾನಾ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವರು. ಎಲ್ಲರೂ ಬೀಬಿ ಕಾ ಮಕ್ಬರಾದ ಮುಂದೆ ಫೋಟೊ ತೆಗೆಸಿಕೊಳ್ಳುವ ಹೊತ್ತಿಗೆ ಇವರು ನನ್ನನ್ನು ಪನ್‌ಚಕ್ಕಿಗೆ ಎಳೆದುಕೊಂಡು ಹೋಗಿ, ಅಲ್ಲಿನ ಗೋಡೆಯ ಗಾರೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಗುಡ್ಡದಿಂದ ಕೊಳವೆಗಳಲ್ಲಿ ಬಂದ ನೀರು ಎತ್ತರದಿಂದ ಹೌಜಿಗೆ ಬೀಳುವಂತೆ ಅಲ್ಲಿ ಕಟ್ಟಿದ್ದಾರೆ. ಆ ನೀರಿನ ಬಲದಿಂದಲೇ ಹಿಂದೆ ಬೀಸುವ ಕಲ್ಲು ತಿರುಗಿ ಹಿಟ್ಟಾಗುತ್ತಿತ್ತು. ಪನ್‌ಚಕ್ಕಿ 18ನೆಯ ಶತಮಾನದ್ದು. ಆದರೆ ಈ ಊರಿಗೆ ಹೀಗೆ ಗುಡ್ಡದ ನೀರನ್ನು ಮೊದಲು ತಂದವನು ಅದಕ್ಕೂ ನೂರು ವರ್ಷ ಹಿಂದಿನವನು, ಮಲಿಕ್ ಅಂಬರ್. ಅವನ ಬಗ್ಗೆ ಬರೆಯಬೇಕೆಂದು ಅಂದೇ ನಿರ್ಧರಿಸಿದೆ. ಬರೆಯಲು ಕುಳಿತಾಗ ಮಾತ್ರ ಅದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಅಂಬರ್ ಹುಟ್ಟಿದ್ದು ಸುಮಾರು 1548ರಲ್ಲಿ, ಇಥಿಯೋಪಿಯಾದಲ್ಲಿ. ಆಗ ಅವನ ಹೆಸರು ಚಾಪು. ಎಳೆಯ ವಯಸ್ಸಿನಲ್ಲೇ ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾದ. ಬಾಗ್ದಾದಿನ ಒಬ್ಬ ಯಜಮಾನ ಮಾತ್ರ ಹುಡುಗನ ಬುದ್ಧಿ ಕಂಡು ಓದು ಬರಹ ಕಲಿಸಿದ. ಇಸ್ಲಾಂ ಸ್ವೀಕರಿಸಿದ ಹುಡುಗನಿಗೆ ಅಂಬರ್ ಎಂಬ ಹೆಸರು ಬಂತು. ಅಲ್ಲಿಂದ ಅವನನ್ನು ದಖ್ಖನಿಗೆ ತಂದು ಮಾರಿದರು. ಕೊಂಡವನು ಅಹಮದ್‌ನಗರದ ನಿಜಾಮಶಾಹಿಯ ಪೇಶ್ವೆ ಚಂಗೇಜ್ ಖಾನ್. ಈ ಪೇಶ್ವೆಯೂ ಒಂದು ಕಾಲಕ್ಕೆ ಗುಲಾಮನಾಗಿದ್ದ ಹಬಶಿಯೇ! ಅವನ ಕೈಕೆಳಗೆ ಅಂಬರ್ ಆಡಳಿತವನ್ನೂ ಯುದ್ಧವನ್ನೂ ಕಲಿತ. ಪೇಶ್ವೆ ತೀರಿಕೊಂಡ ಮೇಲೆ ಅವನ ಹೆಂಡತಿ ಅಂಬರನಿಗೆ ಬಿಡುಗಡೆ ಕೊಟ್ಟಳು.

ಬಿಡುಗಡೆಯಾದವನು ಒಂದಷ್ಟು ಸವಾರರನ್ನು ಕೂಡಿಸಿಕೊಂಡು ನಮ್ಮ ಬಿಜಾಪುರಕ್ಕೆ ಬಂದು ಆದಿಲಶಾಹಿಯಲ್ಲಿ ನೌಕರಿ ಮಾಡಿದ. ಮಲಿಕ್ ಎಂಬ ಬಿರುದು ಸಿಕ್ಕಿದ್ದು ಇಲ್ಲಿಯೇ. ಆಮೇಲೆ ಅಹಮದ್‌ನಗರಕ್ಕೆ ಮರಳಿದ. 1600ರಲ್ಲಿ ಮೊಗಲರು ಅಲ್ಲಿನ ಕೋಟೆಯನ್ನು ಗೆದ್ದಾಗ ರಾಜ್ಯದ ಕಥೆ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. ಅಂಬರ್ ನಿಜಾಮಶಾಹಿ ಮನೆತನದ ಒಬ್ಬ ಯುವಕನನ್ನು ಹುಡುಕಿ ತಂದು ಪಟ್ಟಕ್ಕೆ ಕೂರಿಸಿದ, ತನ್ನ ಮಗಳನ್ನು ಅವನಿಗೇ ಕೊಟ್ಟು ಮದುವೆ ಮಾಡಿದ. ಮುಂದೆ ಕಾಲು ಶತಮಾನ ರಾಜ್ಯ ನಡೆಸಿದವನು ಅವನೇ. ಜಹಾಂಗೀರ್ ಬಾದಶಹನಿಗೆ ಇವನನ್ನು ಪೂರ್ತಿಯಾಗಿ ಮಣಿಸಲು ಆಗಲಿಲ್ಲ. ಕೊನೆಗೆ ಅಂಬರನ ರುಂಡಕ್ಕೆ ತಾನು ಬಾಣ ಬಿಡುವಂತೆ ಒಂದು ಚಿತ್ರ ಬರೆಸಿ ಸಮಾಧಾನ ಮಾಡಿಕೊಂಡ!

1610ರ ಸುಮಾರಿಗೆ ಅಂಬರ್ ಖಡಕಿ ಎಂಬ ಹಳ್ಳಿಯನ್ನು ರಾಜಧಾನಿಯಾಗಿ ಬೆಳೆಸತೊಡಗಿದ. ಖಡಕಿ ಎಂದರೆ ಕಲ್ಲುನೆಲ. ಬಾವಿ ತೋಡಿ ಇಡೀ ನಗರಕ್ಕೆ ನೀರು ಕೊಡುವುದು ಅಲ್ಲಿ ಆಗದ ಮಾತು. ಊರಿನ ಉತ್ತರಕ್ಕಿರುವ ಹರ್ಸೂಲ್ ಕಡೆಯ ಕಣಿವೆಯ ಮೇಲೆ ಅವನ ಕಣ್ಣು ಬಿತ್ತು. ಅಲ್ಲಿ ಮಳೆನೀರು ಮಣ್ಣಿನೊಳಗೆ ಇಂಗಿ ನೆಲದಡಿಯಲ್ಲೇ ನಿಲ್ಲುತ್ತದೆ. ಆ ಒಳನೀರು ಬಸಿದು ಸೇರುವ ಹಾಗೆ ನೆಲದಡಿಯಲ್ಲಿ ಕಾಲುವೆ ಕಟ್ಟಿಸಿ, ಇಳಿಜಾರಿನಲ್ಲಿ ಊರಿನತ್ತ ತಂದ. ಇದೇ ನಹರ್-ಎ-ಅಂಬರಿ.

ನಹರಿಗೆ ಪಂಪು ಇಲ್ಲ, ಏತ ಇಲ್ಲ, ಎತ್ತೂ ಇಲ್ಲ. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ಕಾಲುವೆಯನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಇವೆರಡರ ನಡುವಿನ ಹದವನ್ನು ನೆಲದಡಿಯ ಕತ್ತಲಲ್ಲಿ ಉದ್ದಕ್ಕೂ ಕಾಯ್ದುಕೊಳ್ಳಬೇಕು. ಒಂದು ಕೋಣೆಯ ನೆಲಕ್ಕೆ ಫರ್ಸಿ ಹಾಸುವಾಗ ನೀರು ಮೋರಿಯ ಕಡೆಗೇ ಹೋಗುವಂತೆ ಮಾಡಲು ತಾನು ಎಷ್ಟು ಸಲ ಮಟ್ಟ ಹಿಡಿಯಬೇಕಾಗುತ್ತಿತ್ತೆಂದು ನಾನಾ ಹೇಳಿದಾಗಲೇ ಇದು ಎಂಥ ಕೆಲಸವೆಂದು ನನಗೆ ಅರ್ಥವಾದದ್ದು. ಕಾಲುವೆಯ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಿಂಡಿಗಳಿವೆ. ಗಾಳಿ ಆಡಲು, ಇಳಿದು ಹೂಳು ತೆಗೆಯಲು ಅವು ಬೇಕು. ಊರೊಳಗೆ ನೀರು ಮಣ್ಣಿನ ಕೊಳವೆಗಳಲ್ಲಿ ಹಂಚಿಕೆಯಾಗುತ್ತಿತ್ತು. ನಡುನಡುವೆ ಎತ್ತರದ ಕಂಬಗಳಿದ್ದವು. ನೀರು ಕಂಬದೊಳಗೆ ಏರಿ, ಮೇಲೆ ಗಾಳಿ ಬಿಟ್ಟುಕೊಟ್ಟು, ಮತ್ತೆ ಇಳಿದು ಮುಂದೆ ಹೋಗುತ್ತಿತ್ತು. ನೀರು ತನ್ನ ಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ ಎಂದು ನಾವು ಭೌತಶಾಸ್ತ್ರದಲ್ಲಿ ಓದಿದ್ದೇವಲ್ಲ, ಅಷ್ಟೇ. ಅದನ್ನು ಅಂಕಕ್ಕಾಗಿ ಬರೆದು ಮರೆತವರಲ್ಲಿ ನಾನೂ ಒಬ್ಬ.

ನಂತರದವರು ಇದೇ ಮಾದರಿಯಲ್ಲಿ ಇನ್ನಷ್ಟು ನಹರುಗಳನ್ನು ಸೇರಿಸಿದರು. ಅಂಬರನ ನಹರಿನಲ್ಲಿ 20ನೆಯ ಶತಮಾನದಲ್ಲೂ ನೀರು ಹರಿಯುತ್ತಿತ್ತು.

ಈಗ ಆ ಕಷ್ಟದ ವಿಷಯ. 1624ರಲ್ಲಿ ಮೊಗಲರೂ ಬಿಜಾಪುರದವರೂ ಒಂದಾಗಿ ಅಂಬರನ ಮೇಲೆ ಬಂದರು. ಅವನಿಗಾಗ ಹೆಚ್ಚುಕಡಿಮೆ ಎಪ್ಪತ್ತೈದು ವರ್ಷ. ಅಹಮದ್‌ನಗರದ ಹತ್ತಿರದ ಭಾತವಡಿಯಲ್ಲಿ ಕೆರೆಯ ಏರಿಯನ್ನು ಒಡೆಸಿ ಶತ್ರುಗಳ ದಾರಿಗೆ ನೀರು ಬಿಟ್ಟ. ಕುದುರೆ, ತೋಪು, ಸಾಮಾನು ಎಲ್ಲ ಕೆಸರಿನಲ್ಲಿ ಸಿಕ್ಕಿಕೊಂಡವು. ಅವನ ಸವಾರರು ರಾತ್ರಿ ಹೊತ್ತು ಮೇಲೆರಗಿ ಹಣ್ಣುಮಾಡಿದರು. ಶಿವಾಜಿಯ ತಂದೆ ಶಹಾಜಿ ಈ ಯುದ್ಧದಲ್ಲಿ ಅಂಬರನ ಕಡೆಯಿಂದ ಹೋರಾಡಿದವನು. ಮುಂದೆ ಬೆಂಗಳೂರನ್ನು ಜಹಗೀರಾಗಿ ಪಡೆದ ಶಹಾಜಿಯ ಸಮಾಧಿ ನಮ್ಮ ದಾವಣಗೆರೆ ಜಿಲ್ಲೆಯ ಹೊದಿಗೆರೆಯಲ್ಲಿದೆ.

ಗೆದ್ದ ಅಂಬರ್ ಸುಮ್ಮನಾಗದೆ ಬಿಜಾಪುರದ ಮೇಲೆಯೇ ನುಗ್ಗಿದ, ನವರಸಪುರವನ್ನು ಹಾಳುಮಾಡಿದ. ಇಬ್ರಾಹಿಂ ಆದಿಲ್‌ಶಾ 1599ರಿಂದ ಆಸೆಪಟ್ಟು ಕಟ್ಟಿಸುತ್ತಿದ್ದ ಊರು ಅದು, ತೊರವಿಯ ಪಕ್ಕದಲ್ಲಿದೆ. ಆ ಬಯಲಿನಲ್ಲಿ ನಿಂತಿರುವ ಸಂಗೀತ ಮಹಲ್ ನೋಡಲು ಚಿಕ್ಕಂದಿನಿಂದ ಎಷ್ಟೋ ಸಲ ಹೋಗಿದ್ದೇನೆ. ಸುತ್ತಲಿನ ಹಾಳುಗೋಡೆಗಳು ಮಳೆ ಗಾಳಿಗೆ ತಾವಾಗಿಯೇ ಬಿದ್ದವೆಂದು ನಂಬಿದ್ದೆ. ಅದೇ ತೊರವಿಯಿಂದ ಬಿಜಾಪುರಕ್ಕೂ ನೆಲದಡಿಯ ಸುರಂಗದಲ್ಲೇ ನೀರು ಬರುತ್ತಿತ್ತು. ಅಂದರೆ ನೀರಿನ ಬೆಲೆಯನ್ನೂ ಊರು ಕಟ್ಟುವ ಕಷ್ಟವನ್ನೂ ಬಲ್ಲವನೊಬ್ಬ ಇನ್ನೊಂದು ಊರನ್ನು ಕೆಡವಿದ್ದ.

ಇದನ್ನು ಓದಿದ ದಿನ ನನ್ನ ಲೇಖನ ಅರ್ಧಕ್ಕೆ ನಿಂತಿತು. ಈ ಭಾಗ ಬಿಟ್ಟು ಬರೆದರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಅನ್ನಿಸಿತು. ನಾನಾನನ್ನು ಕೇಳಿದೆ. ಒಳ್ಳೆಯ ಗೌಂಡಿಯೂ ಕೂಲಿ ಕೊಟ್ಟರೆ ಮತ್ತೊಬ್ಬರ ಮನೆ ಕೆಡವುತ್ತಾನೆ, ತಾನೂ ಕೆಡವಿದ್ದೇನೆ ಎಂದರು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಹಾಗಾಗಿ ಎರಡನ್ನೂ ಬರೆದಿದ್ದೇನೆ.

ಅಂಬರ್ 1626ರಲ್ಲಿ ತೀರಿಕೊಂಡ. ಹತ್ತೇ ವರ್ಷಗಳಲ್ಲಿ ನಿಜಾಮಶಾಹಿ ಇಲ್ಲವಾಯಿತು. ಖಡಕಿ ಅವನ ಮಗನ ಹೆಸರಿನಿಂದ ಫತೇನಗರವಾಯಿತು, ಆಮೇಲೆ ಔರಂಗಾಬಾದ್. ಅವನ ಗೋರಿ ಖುಲ್ದಾಬಾದಿನಲ್ಲಿದೆ. ಮರುದಿನ ಅಲ್ಲಿಗೆ ಹೋಗಿ ಫಾತಿಹಾ ಓದಿದೆವು. ಹೊರಗೆ ಬರುವಾಗ ನಾನಾ ಅಲ್ಲಿಯೂ ಗೋಡೆಯ ಗಾರೆ ಮುಟ್ಟಿ ನೋಡಿದರು.