ವಾಯುಚಕ್ರದ ಪ್ರವರ್ತಕ ಜಾನ್ ಬಾಯ್ಡ್ ಡನ್‌ಲಪ್

ರಥವಾಗಲಿ, ಎತ್ತಿನ ಬಂಡಿಯಾಗಲಿ, ಸಹಸ್ರಾರು ವರ್ಷಗಳ ಕಾಲ ಗಾಲಿಯೆಂದರೆ ಮರ ಮತ್ತು ಕಬ್ಬಿಣ. ದಾರಿಯ ಪ್ರತಿಯೊಂದು ಕಲ್ಲಿನ ಪೆಟ್ಟೂ ಗಾಲಿಯಿಂದ ಅಚ್ಚಿಗೆ, ಅಚ್ಚಿನಿಂದ ಕುಳಿತವನ ಬೆನ್ನೆಲುಬಿಗೆ ನೇರವಾಗಿ ತಲುಪುತ್ತಿದ್ದಿತು. ಆ ಪೆಟ್ಟನ್ನು ತಡೆಯಲು ಕಣ್ಣಿಗೆ ಕಾಣದ ಗಾಳಿಯನ್ನೇ ನಿಯೋಜಿಸಿ, ಅದನ್ನು ಲೋಕದ ಬಳಕೆಗೆ ತಂದವರು ಯಂತ್ರಶಿಲ್ಪಿಯಲ್ಲ, ಒಬ್ಬ ಪಶುವೈದ್ಯರು.

ಜಾನ್ ಬಾಯ್ಡ್ ಡನ್‌ಲಪ್ 1840ರ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಎಂಬ ಗ್ರಾಮದಲ್ಲಿ ಜನಿಸಿದರು. ಎಡಿನ್‌ಬರೋ ನಗರದಲ್ಲಿ ಪಶುವೈದ್ಯ ವಿದ್ಯೆಯನ್ನು ಕಲಿತು, 1867ರಲ್ಲಿ ಐರ್ಲೆಂಡಿಗೆ ತೆರಳಿ, ಮುಂದೆ ಬೆಲ್‌ಫಾಸ್ಟ್ ನಗರದಲ್ಲಿ ನೆಲೆಸಿ ದೊಡ್ಡ ಚಿಕಿತ್ಸಾಲಯವನ್ನು ನಡೆಸಿದರು.

ಅವರ ಪುಟ್ಟ ಮಗನಿಗೆ ಮೂರು ಗಾಲಿಯ ಸೈಕಲ್ಲೊಂದಿತ್ತು. ಬೆಲ್‌ಫಾಸ್ಟಿನ ಕಲ್ಲುಹಾಸಿನ ಬೀದಿಗಳಲ್ಲಿ ಅದರ ಸವಾರಿ ಕಷ್ಟಕರವಾಗಿತ್ತು. 1887ರಲ್ಲಿ ತಂದೆ ಒಂದು ಮರದ ಬಿಲ್ಲೆಯ ಸುತ್ತ ರಬ್ಬರಿನ ಕೊಳವೆಯನ್ನು ಸುತ್ತಿ, ನಾರುಬಟ್ಟೆಯಿಂದ ಬಿಗಿದು, ಕಾಲ್ಚೆಂಡಿಗೆ ಗಾಳಿ ತುಂಬುವ ಪಂಪಿನಿಂದ ಗಾಳಿ ಹಾಕಿದರು. ಸೈಕಲ್ಲಿನ ಹಳೆಯ ಗಾಲಿಯನ್ನೂ ಈ ಹೊಸ ಬಿಲ್ಲೆಯನ್ನೂ ಅಂಗಳದಲ್ಲಿ ಉರುಳಿಸಿ ನೋಡಿದರು. ಹಳೆಯದು ನಡುದಾರಿಯಲ್ಲೇ ಮಗುಚಿಬಿದ್ದಿತು. ಹೊಸದು ಅಂಗಳವನ್ನು ದಾಟಿ ಬಾಗಿಲಿಗೆ ಬಡಿದು ಹಿಂದಕ್ಕೆ ಪುಟಿಯಿತು. ಗಾಳಿಯ ಗಾಲಿ ಮೆತ್ತಗಿರುವುದಷ್ಟೇ ಅಲ್ಲ, ಹೆಚ್ಚು ಸುಲಭವಾಗಿಯೂ ಉರುಳುವುದೆಂಬುದು ಅಂದು ಸಿದ್ಧವಾಯಿತು. 1888ರಲ್ಲಿ ಅವರಿಗೆ ಪೇಟೆಂಟು ದೊರೆಯಿತು. ಮರುವರ್ಷ ವಿಲಿಯಂ ಹ್ಯೂಮ್ ಎಂಬ ಸವಾರ, ನೆರೆದವರ ಪರಿಹಾಸ್ಯಕ್ಕೆ ಗುರಿಯಾದ ಆ ದಪ್ಪ ಟೈರುಗಳನ್ನೇ ತೊಡಿಸಿದ ಸೈಕಲ್ಲಿನಿಂದ ಬೆಲ್‌ಫಾಸ್ಟಿನ ಪಂದ್ಯಗಳನ್ನು ಗೆದ್ದನು. ಉದ್ಯಮಿ ಹಾರ್ವೆ ಡು ಕ್ರೋ ಮುಂದೆ ಬಂದು ಡಬ್ಲಿನ್ನಿನಲ್ಲಿ ಸಂಸ್ಥೆಯನ್ನು ಕಟ್ಟಿದರು.

ಆದರೆ ಕೀರ್ತಿಯ ಬೆನ್ನಹಿಂದೆಯೇ ಒಂದು ಕಠಿಣ ಪರೀಕ್ಷೆ ಕಾದಿತ್ತು. ಸ್ಕಾಟ್ಲೆಂಡಿನವರೇ ಆದ ರಾಬರ್ಟ್ ವಿಲಿಯಂ ಥಾಮ್ಸನ್ ಇದೇ ತತ್ತ್ವಕ್ಕೆ 1845ರಲ್ಲಿಯೇ ಪೇಟೆಂಟು ಪಡೆದಿದ್ದರು. ಲಂಡನ್ನಿನಲ್ಲಿ ಕುದುರೆಗಾಡಿಗೆ ಅಂತಹ ಗಾಲಿಗಳನ್ನು ತೊಡಿಸಿ ತೋರಿಸಿಯೂ ಇದ್ದರು. ಕಾಲ ಕೂಡಿಬರಲಿಲ್ಲ, ಲೋಕ ಅದನ್ನು ಮರೆಯಿತು, ಥಾಮ್ಸನ್ 1873ರಲ್ಲಿ ತೀರಿಕೊಂಡರು. ಡನ್‌ಲಪ್ ಅದನ್ನರಿಯದೆ ಸ್ವತಂತ್ರವಾಗಿ ಅದೇ ನೆಲೆಗೆ ತಲುಪಿದ್ದರು. ಹಳೆಯ ಪೇಟೆಂಟು ಬೆಳಕಿಗೆ ಬಂದಾಗ ಅವರ ಮೂಲ ಹಕ್ಕು ಬಿದ್ದುಹೋಯಿತು. ಟೈರನ್ನು ಗಾಲಿಗೆ ಹಾಕಿ ತೆಗೆಯಲು ಅನುಕೂಲವಾದ ಅನ್ಯರ ಪೇಟೆಂಟುಗಳನ್ನು ಕೊಂಡು ಸಂಸ್ಥೆ ಉಳಿದುಕೊಂಡಿತು. 1896ರಲ್ಲಿ ಅದು 30 ಲಕ್ಷ ಪೌಂಡುಗಳಿಗೆ ಮಾರಾಟವಾದಾಗ, ಆ ವೇಳೆಗಾಗಲೇ ಸಂಸ್ಥೆಯಿಂದ ದೂರ ಸರಿದಿದ್ದ ಡನ್‌ಲಪ್ ಅವರಿಗೆ ಆ ಐಶ್ವರ್ಯದಲ್ಲಿ ಪಾಲು ದೊರೆಯಲಿಲ್ಲ.

ಏತನ್ಮಧ್ಯೆ 1895ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಹೋದರರು ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಪಂದ್ಯದಲ್ಲಿ ಗಾಳಿಯ ಟೈರುಗಳ ಮೇಲೆ ಮೋಟಾರುಗಾಡಿಯನ್ನೋಡಿಸಿದರು. ದಾರಿಯುದ್ದಕ್ಕೂ ಟೈರು ತೂತಾದರೂ ಗಾಡಿ ಗುರಿ ಮುಟ್ಟಿತು. ಕಾರಿನ ಭಾರವನ್ನು ಹೊರುವುದು ಮುಖ್ಯವಾಗಿ ರಬ್ಬರಲ್ಲ, ಅದರೊಳಗೆ ಒತ್ತಿ ತುಂಬಿದ ಗಾಳಿ. ಆದ್ದರಿಂದ ಆ ಒತ್ತಡದ ಹದವೇ ಸವಾರಿಯ ಸುಖಕ್ಕೂ ಕ್ಷೇಮಕ್ಕೂ ಮೂಲ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆಗಳು ಅತಿಯಾಗಿ ಬಾಗಿ ಕಾಯುತ್ತವೆ, ಅಂಚುಗಳು ಸವೆಯುತ್ತವೆ, ತಿರುವಿನಲ್ಲಿ ಗಾಡಿ ಚಾಲಕನ ಕೈಗೆ ತಡವಾಗಿ ಓಗೊಡುತ್ತದೆ. ವೇಗ ಹೆಚ್ಚಿದ್ದರೆ ಟೈರು ಒಡೆಯಲೂಬಹುದು. ಗಾಳಿ ಹೆಚ್ಚಾದರೆ ನೆಲವನ್ನು ಮುಟ್ಟುವ ಭಾಗ ಕಿರಿದಾಗಿ ನಡುಭಾಗ ಸವೆಯುತ್ತದೆ, ಪ್ರತಿಯೊಂದು ಕುಳಿಯಲ್ಲೂ ಗಾಡಿ ಪುಟಿದು ಹಿಡಿತ ಸಡಿಲುತ್ತದೆ. ಓಡಿದ ಟೈರು ಬಿಸಿಯಾಗಿ ಒತ್ತಡ ಏರುವುದರಿಂದ, ಹೊರಡುವ ಮುನ್ನ ಟೈರು ತಣ್ಣಗಿರುವಾಗಲೇ ಅಳೆಯುವುದು ಕ್ರಮ.

ಡನ್‌ಲಪ್ ಕಡೆಗಾಲವನ್ನು ಡಬ್ಲಿನ್ನಿನಲ್ಲಿ ಕಳೆದು, 1921ರ ಅಕ್ಟೋಬರ್ 23ರಂದು ನಿಧನರಾದರು. ವಾಯುಟೈರಿನ ಇತಿಹಾಸವನ್ನು ಕುರಿತು ಅವರು ಬರೆದಿಟ್ಟುದನ್ನು ಮಗಳು ಅನಂತರ ಗ್ರಂಥರೂಪದಲ್ಲಿ ಪ್ರಕಟಿಸಿದರು. ಮೊದಲು ಕಂಡವರು ಥಾಮ್ಸನ್. ಕಂಡುದನ್ನು ಲೋಕದ ಗಾಲಿಗಳಿಗೆ ತೊಡಿಸಿದವರು ಡನ್‌ಲಪ್. ಇಬ್ಬರಿಗೂ ಸಲ್ಲಬೇಕಾದುದನ್ನು ಅಳೆದು ಸಲ್ಲಿಸುವುದು ವಿದ್ಯಾವಂತರ ಕರ್ತವ್ಯ. ಸ್ವಂತ ವಾಹನವುಳ್ಳ ನಮ್ಮ ಹಳೆಯ ವಿದ್ಯಾರ್ಥಿಗಳು ದೂರ ಪ್ರಯಾಣದ ಮುನ್ನ ಗಾಳಿಯ ಹದವನ್ನು ನೋಡಿಕೊಳ್ಳುವಾಗ, ಮಗನ ನೋವಿಗೆ ಮರುಗಿದ ಆ ತಂದೆಯನ್ನೊಮ್ಮೆ ನೆನೆಯಲಿ.