ಪಠ್ಯದ ಅರ್ಧ ಸಾಲಿನಲ್ಲಿ ಉಳಿದ ಥಿಯೊಡೊರ್ ಶ್ವಾನ್

ಒಂಬತ್ತನೆಯ ತರಗತಿಯ ಜೀವಕೋಶದ ಪಾಠದಲ್ಲಿ ಥಿಯೊಡೊರ್ ಶ್ವಾನ್‌ಗೆ ಸಿಗುವುದು ಅರ್ಧ ಸಾಲು. 1838ರಲ್ಲಿ ಶ್ಲೈಡನ್, 1839ರಲ್ಲಿ ಶ್ವಾನ್, 1855ರಲ್ಲಿ ವಿರ್ಕೊ. ಮೂರು ಇಸವಿ, ಮೂರು ಹೆಸರು, ಅಲ್ಲಿಗೆ ಮುಗಿಯಿತು. ಬೋಧನಾಭ್ಯಾಸದಲ್ಲಿ ಈ ಪಾಠ ನನ್ನ ಪಾಲಿಗೆ ಬಂದಾಗ, ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದ ಕೂಡಲೇ ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಕನ್ನಡದಲ್ಲಿ ಈ ಹೆಸರಿಗೆ ಆ ಕಷ್ಟ ಇದ್ದದ್ದೇ. ಜರ್ಮನ್ ಭಾಷೆಯಲ್ಲಿ ಹೆಚ್ಚುಕಡಿಮೆ ಇದೇ ಉಚ್ಚಾರದ ಪದಕ್ಕೆ ಹಂಸ ಎಂಬ ಅರ್ಥವಿದೆ ಎಂದು ಹೇಳಿಬಿಟ್ಟರೆ ನಗು ಬೇಗ ನಿಲ್ಲುತ್ತದೆ. ಮುಂದೆ ಈ ಪಾಠ ಮಾಡುವ ಸಹಪಾಠಿಗಳಿಗೆ ಇದು ಉಪಯೋಗಕ್ಕೆ ಬರಬಹುದು.

ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಪಠ್ಯದಲ್ಲಿ ಇಸವಿಯಾಗಿ ಉಳಿದ ಈ ಮನುಷ್ಯನ ಹೆಸರು ನಮ್ಮೆಲ್ಲರ ಕೈಕಾಲುಗಳ ನರಗಳಲ್ಲೂ ಇದೆ. ಆ ನರಗಳಲ್ಲಿ ಅವನು ಕಂಡದ್ದು ನಿಜ, ಕಂಡದ್ದಕ್ಕೆ ಕೊಟ್ಟ ವಿವರಣೆ ತಪ್ಪು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಶ್ವಾನ್‌ನ ಪಾಠ ಅರ್ಧವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಶ್ವಾನ್ ಹುಟ್ಟಿದ್ದು 1810ರ ಡಿಸೆಂಬರ್ 7ರಂದು, ರೈನ್ ನದಿಯ ಬಳಿಯ ನಾಯ್ಸ್ ಎಂಬ ಊರಿನಲ್ಲಿ. ತಂದೆ ಅಕ್ಕಸಾಲಿಗ, ಆಮೇಲೆ ಮುದ್ರಣಾಲಯ ನಡೆಸಿದವನು. ದೈವಭಕ್ತ ಕ್ಯಾಥೊಲಿಕ್ ಕುಟುಂಬ. ಹುಡುಗ ನಾಚಿಕೆ ಸ್ವಭಾವದವನು. ಕೊಲೋನ್‌ನಲ್ಲಿ ಶಾಲೆ ಮುಗಿಸಿ ಬಾನ್‌ಗೆ ಹೋದಾಗ ಅವನಿಗೆ ಯೊಹಾನೆಸ್ ಮ್ಯೂಲರ್ ಸಿಕ್ಕಿದ. ಆ ಕಾಲದ ಜರ್ಮನಿಯ ಶರೀರಕ್ರಿಯಾವಿಜ್ಞಾನಿಗಳಲ್ಲಿ ಮೊದಲ ಸಾಲಿನವನು ಮ್ಯೂಲರ್. ಶಿಷ್ಯರ ಕೈಗೆ ಉಪಕರಣ ಕೊಟ್ಟು, ನೋಡು ಎಂದು ಬಿಟ್ಟುಬಿಡುವ ಗುರು. ವಿರ್ಕೊ ಮತ್ತು ಹೆಲ್ಮ್‌ಹೋಲ್ಟ್ಸ್ ಕೂಡ ಅವನ ಶಿಷ್ಯರೇ. ಅಧ್ಯಾಪಕ ತರಬೇತಿಯಲ್ಲಿರುವ ನಮ್ಮಂಥವರು ಶ್ವಾನ್‌ನಿಗಿಂತ ಮೊದಲು ಮ್ಯೂಲರ್‌ನ ಬಗ್ಗೆ ಓದಬೇಕೇನೋ ಎಂದು ನನಗೆ ಅನ್ನಿಸಿದ್ದುಂಟು.

1834ರಲ್ಲಿ ಶ್ವಾನ್ ಬರ್ಲಿನ್‌ನಲ್ಲಿ ಡಾಕ್ಟರ್ ಪದವಿ ಪಡೆದ. ಕೋಳಿಮೊಟ್ಟೆಯೊಳಗಿನ ಭ್ರೂಣ ಬೆಳೆಯಲು ಆಮ್ಲಜನಕ ಬೇಕು ಎಂಬುದನ್ನು ಅವನ ಪ್ರಬಂಧ ತೋರಿಸಿತ್ತು. ಆಮೇಲಿನ ಐದು ವರ್ಷ ಮ್ಯೂಲರ್‌ನ ಸಹಾಯಕನಾಗಿ ದುಡಿದ. ಅವನ ಬದುಕಿನ ಫಸಲೆಲ್ಲ ಆ ಐದು ವರ್ಷಗಳದ್ದೇ. 1836ರಲ್ಲಿ ಜಠರರಸದಿಂದ ಪೆಪ್ಸಿನ್ ಅನ್ನು ಕಂಡುಹಿಡಿದು ಅದಕ್ಕೆ ಹೆಸರಿಟ್ಟ. 1837ರಲ್ಲಿ ಸಕ್ಕರೆ ನೀರು ಹುದುಗುವುದು ಯೀಸ್ಟ್ ಎಂಬ ಜೀವಿಯ ಕೆಲಸ ಎಂದು ತೋರಿಸಿದ. ಆ ನಡುವೆ ಒಂದು ದಿನ ಸಸ್ಯವಿಜ್ಞಾನಿ ಶ್ಲೈಡನ್ ಜೊತೆ ಊಟಕ್ಕೆ ಕುಳಿತಿದ್ದ. ಸಸ್ಯಕೋಶಗಳ ಬೆಳವಣಿಗೆಯಲ್ಲಿ ಕೋಶಕೇಂದ್ರದ ಪಾತ್ರವೇನು ಎಂದು ಶ್ಲೈಡನ್ ವಿವರಿಸುತ್ತಿದ್ದಂತೆ, ಪ್ರಾಣಿಭ್ರೂಣದ ಬೆನ್ನಿನುದ್ದಕ್ಕೂ ಇರುವ ನೋಟೋಕಾರ್ಡ್‌ನಲ್ಲಿ ತಾನೂ ಅಂಥದ್ದನ್ನೇ ಕಂಡಿದ್ದೇನಲ್ಲ ಎಂಬುದು ಶ್ವಾನ್‌ಗೆ ಹೊಳೆಯಿತು. ಇಬ್ಬರೂ ಎದ್ದು ಸೂಕ್ಷ್ಮದರ್ಶಕದ ಬಳಿಗೆ ಹೋದರು. 1839ರ ಪುಸ್ತಕದ ಬೀಜ ಅದು.

ಆ ಪುಸ್ತಕದಲ್ಲಿ ಶ್ವಾನ್ ಪ್ರಾಣಿದೇಹದ ಅಂಗಾಂಶಗಳನ್ನು ಒಂದೊಂದಾಗಿ ಪರೀಕ್ಷಿಸಿದ: ಮೃದ್ವಸ್ಥಿ, ಚರ್ಮ, ಉಗುರು, ಗರಿ, ಸ್ನಾಯು, ಕೊನೆಗೆ ನರ. ಎಲ್ಲವೂ ಜೀವಕೋಶಗಳಿಂದಲೇ ಆದವು ಎಂದು ತೋರಿಸುವುದು ಅವನ ಹಟ. ನರದಲ್ಲಿ ಇದು ಸುಲಭವಾಗಿರಲಿಲ್ಲ. ನರತಂತು ನೋಡಲು ಉದ್ದನೆಯ ದಾರ. ಜೀವಕೋಶದಂತೆ ಕಾಣುವುದೇ ಇಲ್ಲ. ಆದರೆ ದಾರದ ಹೊರಪೊರೆಗೆ ಅಂಟಿಕೊಂಡಂತೆ ಅಲ್ಲಲ್ಲಿ ಕೋಶಕೇಂದ್ರಗಳು ಅವನಿಗೆ ಕಂಡವು. ಸಾಲಾಗಿ ನಿಂತ ಜೀವಕೋಶಗಳು ಒಂದಕ್ಕೊಂದು ಬೆಸೆದುಕೊಂಡು ನರತಂತು ಆಗಿದೆ, ಬಿಳಿಯ ಹೊದಿಕೆ ಆ ಕೋಶಗಳ ಒಳಗೋಡೆಯ ಮೇಲೆ ಕೂತ ಲೇಪ ಎಂದು ಅವನು ತೀರ್ಮಾನಿಸಿದ.

ಅದು ಹಾಗಲ್ಲ. ನರತಂತು ಬೆನ್ನುಹುರಿಯಲ್ಲೋ ಅದರ ಪಕ್ಕದ ನರಗಂಟಿನಲ್ಲೋ ಕುಳಿತ ಒಂದೇ ಒಂದು ನರಕೋಶದ ಚಾಚು. ಶ್ವಾನ್ ಕಂಡ ಕೋಶಕೇಂದ್ರಗಳು ಆ ಚಾಚನ್ನು ಸುತ್ತಿಕೊಂಡಿರುವ ಬೇರೆಯೇ ಜೀವಕೋಶಗಳವು. ಇಂದು ಅವುಗಳಿಗೆ ಶ್ವಾನ್ ಕೋಶಗಳೆಂದೇ ಹೆಸರು. ಹೊಸ ಜೀವಕೋಶಗಳು ಕೋಶಗಳ ಹೊರಗಿನ ದ್ರವದಲ್ಲಿ ಹರಳಿನಂತೆ ಮೂಡುತ್ತವೆ ಎಂಬ ಅವನ ಇನ್ನೊಂದು ನಂಬಿಕೆಯೂ ನಿಲ್ಲಲಿಲ್ಲ. ರೆಮಾಕ್ ಮತ್ತು ವಿರ್ಕೊ ಅದನ್ನು ತಿದ್ದಿದರು. ಪಠ್ಯದಲ್ಲಿ 1855 ಎಂಬ ಇಸವಿ ಬರುವುದು ಈ ತಿದ್ದುಪಡಿಗಾಗಿ. ಮಕ್ಕಳಿಗೆ ಅದನ್ನು ಮೂರನೆಯ ಹೆಸರು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ.

ಅವನನ್ನು ನೋಯಿಸಿದ್ದು ಮಾತ್ರ ಈ ತಪ್ಪುಗಳಲ್ಲ, ಅವನು ಸರಿಯಾಗಿ ಹೇಳಿದ ಸಂಗತಿ. ಯೀಸ್ಟ್ ಜೀವಿ ಎಂಬ ಮಾತು ಆ ಕಾಲದ ದೊಡ್ಡ ರಸಾಯನವಿಜ್ಞಾನಿಗಳಾದ ಲೀಬಿಗ್ ಮತ್ತು ವೋಲರ್‌ಗೆ ಹಿಡಿಸಲಿಲ್ಲ. 1839ರಲ್ಲಿ ಲೀಬಿಗ್‌ನ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ವಿಡಂಬನೆ ಅಚ್ಚಾಯಿತು. ಸಕ್ಕರೆ ತಿಂದು ಒಂದು ಕಡೆಯಿಂದ ಮದ್ಯಸಾರವನ್ನೂ ಇನ್ನೊಂದು ಕಡೆಯಿಂದ ಅನಿಲವನ್ನೂ ಬಿಡುವ, ಭಟ್ಟಿ ಪಾತ್ರೆಯ ಆಕಾರದ ಪ್ರಾಣಿಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡಂತೆ ಬರೆದ ಲೇಖನ ಅದು. ಓದಿದವರು ನಕ್ಕರು. ಬಾನ್‌ನಲ್ಲಿ ಹುದ್ದೆಗೆ ಪ್ರಯತ್ನಿಸಿದ ಶ್ವಾನ್‌ಗೆ ಅದು ಸಿಗಲಿಲ್ಲ. ಅದೇ ವರ್ಷ ಬೆಲ್ಜಿಯಂನ ಲುವೆನ್‌ಗೆ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾಗಿ ಹೊರಟುಹೋದ. ಆಗ ಅವನಿಗೆ 29 ತುಂಬಿರಲಿಲ್ಲ.

ಮುಂದಿನ ನಾಲ್ಕು ದಶಕ ಅವನು ಮುಖ್ಯವಾಗಿ ಮೇಷ್ಟ್ರು. 1848ರಲ್ಲಿ ಲಿಯೇಜ್‌ಗೆ ಬಂದು ಕೊನೆಯವರೆಗೂ ಅಲ್ಲೇ ಪಾಠ ಹೇಳಿದ. ಜರ್ಮನಿಯಿಂದ ಕರೆ ಬಂದರೂ ಹೋಗಲಿಲ್ಲ, ಮದುವೆಯಾಗಲಿಲ್ಲ. ಪಿತ್ತರಸ ಜೀರ್ಣಕ್ರಿಯೆಗೆ ಅಗತ್ಯ ಎಂಬುದನ್ನು 1844ರಲ್ಲಿ ಪ್ರಯೋಗದಿಂದ ತೋರಿಸಿದ್ದು ಬಿಟ್ಟರೆ ಬರ್ಲಿನ್ ದಿನಗಳಿಗೆ ಸಮನಾದ ಸಂಶೋಧನೆ ಮತ್ತೆ ಬರಲಿಲ್ಲ. ಜೀವನಚರಿತ್ರೆಗಳು ಈ ಭಾಗವನ್ನು ಒಂದೆರಡು ಪುಟದಲ್ಲಿ ಮುಗಿಸುತ್ತವೆ, ಏನೋ ಕಳೆದುಹೋಯಿತು ಎಂಬ ದನಿಯಲ್ಲಿ. ಪಾಠ ಹೇಳುವ ಕೆಲಸಕ್ಕೇ ಹೊರಟಿರುವ ನನಗೆ ಆ ದನಿ ಅಷ್ಟಾಗಿ ಒಪ್ಪಿಗೆಯಿಲ್ಲ. 1878ರಲ್ಲಿ ಅವನ ಬೋಧನೆಯ ನಲವತ್ತು ವರ್ಷಗಳ ನೆನಪಿಗೆ ಲಿಯೇಜ್‌ನಲ್ಲಿ ಸಮಾರಂಭ ನಡೆಯಿತು. ಹಲವು ದೇಶಗಳ ವಿಜ್ಞಾನಿಗಳು ಸಹಿ ಹಾಕಿ ಕಳಿಸಿದ 263 ಭಾವಚಿತ್ರಗಳ ಸಂಪುಟವನ್ನು ಅವನ ಕೈಗಿತ್ತರು. 1882ರ ಜನವರಿ 11ರಂದು ಕೊಲೋನ್‌ನಲ್ಲಿ ತೀರಿಕೊಂಡ.

ಅವನ ಕೋಶದ ಕತೆ ಅವನ ಜೊತೆ ಮುಗಿಯಲಿಲ್ಲ. ಬಿಳಿಯ ಹೊದಿಕೆಗೆ ಮಯಲಿನ್ ಎಂಬ ಹೆಸರು ಕೊಟ್ಟದ್ದು ವಿರ್ಕೊ. ಅದು ಲೇಪವಲ್ಲ, ಶ್ವಾನ್ ಕೋಶ ತನ್ನ ಪೊರೆಯನ್ನೇ ನರದ ಚಾಚಿಗೆ ಸುರುಳಿ ಸುರುಳಿಯಾಗಿ ಸುತ್ತುವುದರಿಂದ ಆದದ್ದು ಎಂದು 1954ರಲ್ಲಿ ಬೆಟ್ಟಿ ಗೆರೆನ್ ಕೋಳಿಯ ಭ್ರೂಣದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ತೋರಿಸಿದಳು. ಗಾಯದ ಬೆರಳಿಗೆ ಬಟ್ಟೆ ಸುತ್ತಿದ ಹಾಗೆ. ಒಂದು ಕೋಶ ಹೊದಿಸುವುದು ಹೆಚ್ಚೆಂದರೆ ಮಿಲಿಮೀಟರ್ ಆಸುಪಾಸಿನ ಉದ್ದ. ಹಾಗಾಗಿ ಬೆನ್ನುಹುರಿಯಿಂದ ಪಾದದವರೆಗಿನ ಒಂದೇ ನರತಂತುವಿಗೆ ಸಾವಿರದಷ್ಟು ಶ್ವಾನ್ ಕೋಶಗಳು ಸಾಲಾಗಿ ನಿಲ್ಲಬೇಕು.

ಇವು ಯಾವಾಗ ಸುತ್ತಬೇಕು, ಎಷ್ಟು ಸುತ್ತಬೇಕು ಎಂದು ಹೇಳುವವರು ಯಾರು? ಇಲ್ಲಿ ವಂಶವಾಹಿಗಳು ಬರುತ್ತವೆ. ಭ್ರೂಣದ ನರಶಿಖೆಯಿಂದ ಹೊರಟ ಕೋಶ ಶ್ವಾನ್ ಕೋಶವಾಗಲು ಸಾಕ್ಸ್-10 ಎಂಬ ವಂಶವಾಹಿ ಬೇಕು. ನರದ ಚಾಚು ತನ್ನ ಮೈಮೇಲೆ ನ್ಯೂರೆಗ್ಯುಲಿನ್-1 ಎಂಬ ಪ್ರೋಟೀನನ್ನು ಹೊತ್ತಿರುತ್ತದೆ. ಅದರ ಪ್ರಮಾಣ ನೋಡಿ ಶ್ವಾನ್ ಕೋಶ ಹೊದಿಕೆಯ ದಪ್ಪವನ್ನು ಹೊಂದಿಸುತ್ತದೆ. ಆಮೇಲೆ ಕ್ರಾಕ್ಸ್-20 ಎಂಬ ವಂಶವಾಹಿ ಚಾಲೂ ಆಗಿ ಮಯಲಿನ್‌ನ ಸಾಮಗ್ರಿ ತಯಾರಿಸುವ ಇತರ ವಂಶವಾಹಿಗಳನ್ನು ಎಬ್ಬಿಸುತ್ತದೆ. 1994ರಲ್ಲಿ ಇಲಿಗಳಲ್ಲಿ ಕ್ರಾಕ್ಸ್-20 ತೆಗೆದುಹಾಕಿ ನೋಡಿದಾಗ, ಶ್ವಾನ್ ಕೋಶಗಳು ಚಾಚಿನ ಪಕ್ಕಕ್ಕೆ ಬಂದು ನಿಂತವು, ಸುತ್ತಲು ಶುರುಮಾಡಿದವು, ಅಲ್ಲೇ ನಿಂತುಬಿಟ್ಟವು.

ಅಳತೆ ತಪ್ಪಿದರೂ ತೊಂದರೆಯೇ. ಮಯಲಿನ್‌ನ ಒಂದು ಪ್ರೋಟೀನ್‌ಗೆ ಸೂಚನೆ ಕೊಡುವ ಪಿಎಂಪಿ-22 ಎಂಬ ವಂಶವಾಹಿ 17ನೆಯ ವರ್ಣತಂತುವಿನಲ್ಲಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಒಟ್ಟು ಎರಡು ಪ್ರತಿ ಇರಬೇಕು. ಆ ಭಾಗ ಇಮ್ಮಡಿಯಾಗಿ ಮೂರು ಪ್ರತಿಗಳಾದರೆ ಹೊದಿಕೆ ಕೆಡುತ್ತದೆ, ನರದ ಸಂದೇಶ ನಿಧಾನವಾಗುತ್ತದೆ. 1886ರಲ್ಲಿ ಶಾರ್ಕೊ, ಮಾರಿ, ಟೂತ್ ಎಂಬ ಮೂವರು ವೈದ್ಯರು ವರ್ಣಿಸಿದ ಕಾಯಿಲೆಯ ಅತಿ ಸಾಮಾನ್ಯ ರೂಪಕ್ಕೆ ಕಾರಣ ಇದೇ ಎಂದು 1991ರಲ್ಲಿ ಗೊತ್ತಾಯಿತು. ಮೂರರ ಬದಲು ಒಂದೇ ಪ್ರತಿ ಇದ್ದರೆ ಬೇರೊಂದು ತೊಂದರೆ: ಸ್ವಲ್ಪ ಹೊತ್ತು ಮೊಣಕೈ ಊರಿ ಕುಳಿತರೂ ಕೈ ಜೋಮು ಹಿಡಿದು ದಿನಗಟ್ಟಲೆ ಬಲಹೀನವಾಗಬಹುದು.

ಈ ಕಾಯಿಲೆ ಅನೇಕರಲ್ಲಿ ಶಾಲೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಪಾದ ಮೇಲೆತ್ತಲು ಆಗದೆ ಓಡುವಾಗ ಪದೇ ಪದೇ ಎಡವುವುದು, ಅಂಗಾಲಿನ ಕಮಾನು ಹೆಚ್ಚುವುದು, ಚಪ್ಪಲಿ ಜಾರುವುದು, ಮುಂದೆ ಗುಂಡಿ ಹಾಕಿಕೊಳ್ಳಲು, ಪೆನ್ನು ಹಿಡಿಯಲು ಬೆರಳು ಸೋಲುವುದು. ಬುದ್ಧಿಗೆ ಏನೂ ಆಗಿರುವುದಿಲ್ಲ. ಆಟದ ಅವಧಿಯಲ್ಲಿ ಇಂಥ ಮಗುವಿಗೆ ಸೋಮಾರಿ ಎಂಬ ಹೆಸರು ಬೀಳುವುದು ಸುಲಭ. ಮೊದಲು ಗಮನಿಸಿ ಮನೆಯವರಿಗೆ ತಿಳಿಸುವ ಅವಕಾಶ ಇರುವುದು ಶಿಕ್ಷಕರಿಗೇ.

ನರಕೋಶದ ಚಿತ್ರ ಬಿಡಿಸುವಾಗ ನಾನು ಈಗ ಎರಡು ಬಣ್ಣದ ಸೀಮೆಸುಣ್ಣ ಬಳಸುತ್ತೇನೆ. ನರಕೋಶ ಮತ್ತು ಅದರ ಚಾಚು ಬಿಳಿ. ಸುತ್ತಿರುವ ಪ್ರತಿಯೊಂದು ಶ್ವಾನ್ ಕೋಶ ಹಳದಿ, ಅದರದೇ ಕೋಶಕೇಂದ್ರದೊಂದಿಗೆ. ಒಂದೇ ಬಣ್ಣದಲ್ಲಿ ಬರೆದರೆ ಎರಡೂ ಒಂದೇ ಕೋಶದಂತೆ ಕಾಣುತ್ತದೆ. 1839ರಲ್ಲಿ ಶ್ವಾನ್‌ಗೆ ಕಂಡದ್ದೂ ಹಾಗೆಯೇ.