ತಿರುಗಿ ಬಾರದ ವಿಮಾನ



ರಜೆಗೆ ಬಂದ ಸೈನಿಕರು ಗೋಕಾಕ, ಮೂಡಲಗಿ, ಹುಕ್ಕೇರಿ ಬಸ್‌ಸ್ಟ್ಯಾಂಡಿನಾಗ ಟ್ರಂಕು ಹಿಡಿದು ಇಳಿಯೋದನ್ನ ನಾವೆಲ್ಲ ನೋಡೀವಿ. ಯುದ್ಧಕ್ಕೆ ಹೋಗಿ, ಏನಾದರೆಂದೇ ತಿಳಿಯದವರ ಮನೆಯ ಮಂದಿ ಏನು ಮಾಡಬೇಕು? ಅದಕ್ಕೇ ನಾನು ಅಜ್ಜಮಾಡ ದೇವಯ್ಯನವರ ಬಗ್ಗೆ ಬರೆಯುತ್ತಿದ್ದೇನೆ.

ಇವರು 1932ರಲ್ಲಿ ಕೊಡಗಿನಲ್ಲಿ ಹುಟ್ಟಿದರು. ವಾಯುಪಡೆ ಸೇರಿ ಸ್ಕ್ವಾಡ್ರನ್ ಲೀಡರ್ ಆದರು. 1965ರ ಸೆಪ್ಟೆಂಬರ್ 7ರಂದು ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಿಮಾನ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರದು ಬದಲಿ ಪಾಳಿ. ಒಂದು ವಿಮಾನ ಹಿಂದುಳಿದದ್ದರಿಂದ ಅವರೂ ಹೋದರು. ತಿರುಗಿ ಬರಲಿಲ್ಲ. ಆದದ್ದೇನೆಂದು ನಮ್ಮ ಕಡೆ ಯಾರಿಗೂ ಗೊತ್ತಾಗಲಿಲ್ಲ. ಕಾಣೆಯಾದವರೆಂದು ದಾಖಲೆಯಲ್ಲಿ ಬರೆದರು.

ಸುದ್ದಿ ಸಿಕ್ಕಿದ್ದು ವೈರಿಯ ಕಡೆಯಿಂದ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಪಾಕಿಸ್ತಾನದ ವಾಯುಪಡೆಯ ಬಗ್ಗೆ ಪುಸ್ತಕ ಬರೆದರು. ಆ ದಿನ ಅವರದೊಂದು ಸ್ಟಾರ್‌ಫೈಟರ್ ವಿಮಾನವನ್ನು ಮಿಸ್ಟೇರ್ ಹೊಡೆದು ಕೆಡವಿದ ಸಂಗತಿ ಅದರಲ್ಲಿತ್ತು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ್ದು. ಅದರ ಪೈಲಟ್ ಹೊರಗೆ ಜಿಗಿದು ಬದುಕಿದ್ದರು. ನಮ್ಮವರು ವಿಚಾರಣೆ ಮಾಡಿದಾಗ ಆ ಮಿಸ್ಟೇರ್ ದೇವಯ್ಯನವರದೇ ಅಂತ ಖಾತ್ರಿ ಆತು. ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದರೂ ಓಡಿಹೋಗದೆ ಕಾದಿದ್ದರು.

1988ರಲ್ಲಿ, 23 ವರ್ಷ ಆದಮೇಲೆ, ಮಹಾವೀರ ಚಕ್ರ ಅವರ ಪತ್ನಿಯ ಕೈ ಸೇರಿತು.

ಗೆಳೆಯರೇ, ದೇವಯ್ಯನವರ ಶೌರ್ಯ 1965ರಲ್ಲೇ ನಡೆದಿತ್ತು. ಯಾರೋ ಹುಡುಕಿ ಕೇಳಿದ್ದಕ್ಕೆ ಅದು ಹೊರಗೆ ಬಂತು. ಕಾಣೆ ಅಂತ ಬರೆದು ಪುಸ್ತಕ ಮುಚ್ಚಿಡಬಾರದು. ಕೇಳುತ್ತಲೇ ಇರಬೇಕು.